ಮೊರೇರ ಗುಡ್ಡದ ಪಾಠ



ದೇಹವೇ ದೇವಾಲಯವೆಂಬ ಶರಣರ ನಿಲುವನ್ನು ಕುರಿತು ನಿನ್ನೆ ಹೇಳಿದೆವು. ಸಭೆ ಮುಗಿದ ಮೇಲೆ ತರುಣನೊಬ್ಬ ಬಂದು ಒಂದು ಪ್ರಶ್ನೆ ಕೇಳಿದ. ಅಂಗೈಯಲ್ಲಿ ಇಷ್ಟಲಿಂಗವಿರುವಾಗ ಕಾಡಿನೊಳಗಿನ ಹಳೆಯ ಕಲ್ಲುಗಳ ಗೊಡವೆ ನಮಗೇಕೆ, ಅವು ಉಳಿದರೇನು, ಹೋದರೇನು ಎಂದ. ಪ್ರಶ್ನೆ ಒಳ್ಳೆಯದು. ಶಾಸ್ತ್ರ ಹೇಳುವ ಬದಲು ನಮಗೇ ಒದಗಿದ ಒಂದು ಅನುಭವವನ್ನು ಹೇಳುತ್ತೇವೆ, ಕೇಳಿ.

ಕೊಪ್ಪಳ ಜಿಲ್ಲೆಯ ಗಂಗಾವತಿಯ ಹತ್ತಿರ ಹಿರೇಬೆಣಕಲ್ ಎಂಬ ಊರಿದೆ. ಅದರಾಚೆಯ ಗುಡ್ಡವನ್ನು ಜನ ಮೊರೇರ ಗುಡ್ಡವೆನ್ನುತ್ತಾರೆ. ಒಂದು ಬೆಳಗ್ಗೆ ಶಿವಪೂಜೆ ಮುಗಿಸಿ ನಾವು ಅಲ್ಲಿಗೆ ಹೊರಟೆವು. ಜೊತೆಗೆ ಬಂದವರನ್ನು ಊರಲ್ಲೇ ನಿಲ್ಲಿಸಿದೆವು. ಭಕ್ತರು ಸಂಗಡವಿದ್ದರೆ ಜಯಘೋಷ ಕೇಳಿಸುತ್ತದೆ, ಗುಡ್ಡದ ಮೌನ ಕೇಳಿಸುವುದಿಲ್ಲ. ಕರಡಿಯ ಭಯವಿದೆ ಎಂದು ಊರವರು ಎಚ್ಚರಿಸಿದರು. ಕೋಲೊಂದನ್ನು ಹಿಡಿದು ಒಬ್ಬರೇ ಹತ್ತಿದೆವು.

ದಾರಿಯೆಂದರೆ ದಾರಿಯಲ್ಲ, ಮುಳ್ಳುಕಂಟಿ, ಗುಂಡುಕಲ್ಲು, ಅವುಗಳ ನಡುವೆ ಆಡು ಕುರಿ ಸವೆಸಿದ ಜಾಡು. ಎರಡು ಕಡೆ ಶಲ್ಯ ಹರಿಯಿತು, ಮೂರು ಕಡೆ ಕುಳಿತೆವು. ಬಂಡೆಯ ಮರೆಯೊಂದರಲ್ಲಿ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರ, ಪ್ರಾಣಿಗಳ ಚಿತ್ರಗಳಿದ್ದವು. ಇನ್ನೂ ಮೇಲೇರಿದಾಗ ಬಂಡೆಯ ಬಯಲಿನ ಮೇಲೆ ಒಂದು ಊರೇ ಕಂಡಿತು. ಮೂರು ಕಡೆ ಚಪ್ಪಡಿ, ಮುಂದೊಂದು ಚಪ್ಪಡಿ, ಮೇಲೊಂದು ಚಪ್ಪಡಿ. ಕೆಲವು ಮನೆಗಳ ಗೋಡೆಯಲ್ಲಿ ದುಂಡಗಿನ ಕಿಂಡಿ. ಇಂಥವು ಅಲ್ಲಿ ಸುಮಾರು 400 ಇವೆ. ಪಕ್ಕದಲ್ಲಿ ನೀರಿನ ಹೊಂಡ. ಮೊರೇರು ಎಂಬ ಗಿಡ್ಡ ಜನ ಇವುಗಳಲ್ಲಿ ಬಾಳಿದ್ದರೆಂಬುದು ಜನರ ಮಾತು. ಬಲ್ಲವರು ಹೇಳುವುದು ಬೇರೆ: ಇವು ಸತ್ತವರಿಗಾಗಿ ಕಟ್ಟಿದ ಮನೆಗಳು, ಎರಡು ಸಾವಿರ ವರ್ಷಗಳಿಗೂ ಹಿಂದಿನವು. 2021ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೂ ಈ ಸ್ಥಳ ಸೇರಿತು.

ಆದರೆ ನಾವು ಕಂಡದ್ದೇನು? ಎಷ್ಟೋ ಮನೆಗಳು ಉರುಳಿವೆ. ಕೆಲವನ್ನು ಮಳೆ, ಗಾಳಿ, ಕಾಲ ಉರುಳಿಸಿವೆ. ಅದು ಸೃಷ್ಟಿಯ ನಿಯಮ. ಕೆಲವನ್ನು ನಿಧಿಯ ಆಸೆಯಿಂದ ಬಂದವರು ಕೆಡವಿದ್ದಾರೆ. ನಮಗೆ ಸಿಟ್ಟು ಬಂತು. ಎಂಥ ಪಾಪಿಗಳು ಎಂದುಕೊಂಡೆವು.

ಅಷ್ಟರಲ್ಲಿ ಕಾಲ ಬಳಿ ಮಡಕೆಯ ಚೂರೊಂದು ಕಂಡಿತು. ಒಳಗೆ ಕಪ್ಪು, ಹೊರಗೆ ಕೆಂಪು, ಎಷ್ಟು ನುಣುಪು! ಮಠದ ಮಕ್ಕಳಿಗೆ ತೋರಿಸೋಣವೆಂದು ಜೋಳಿಗೆಗೆ ಹಾಕಿಕೊಂಡೆವು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜೋಳಿಗೆ ಭಾರವಾಯಿತು. ಚೂರಿನ ತೂಕವೆಷ್ಟು? ಭಾರ ಅದರದಲ್ಲ. ಅಗೆದವನು ಚಿನ್ನವೆಂಬ ನೆವ ಹೇಳಿದ, ನಾವು ಮಕ್ಕಳೆಂಬ ನೆವ ಹೇಳಿದೆವು. ಕೈ ಮಾತ್ರ ಒಂದೇ. ಹಿಂದಿರುಗಿ ಅದನ್ನು ಇದ್ದಲ್ಲೇ ಇಟ್ಟೆವು.

ಇಳಿಯುವಾಗ ಕುರಿ ಕಾಯುವ ಮುದುಕನೊಬ್ಬ ಎದುರಾದ. "ಅಜ್ಜಾರ, ಮ್ಯಾಲೆ ಏನರ ಸಿಕ್ತೇನ್ರಿ?" ಎಂದ. ಅಲ್ಲಿಗೆ ಹೋಗಿಬಂದವರನ್ನು ಕೇಳುವ ಪ್ರಶ್ನೆಯೇ ಅದಾಗಿಬಿಟ್ಟಿದೆ ನೋಡಿ! "ಸಿಕ್ಕಿತ್ತಪ್ಪ, ಇಟ್ಟು ಬಂದೆವು" ಎಂದೆವು. ಆತ ನಕ್ಕು, "ಚಲೋ ಮಾಡಿದ್ರಿ. ಅದು ಅವರ ಮನಿ" ಎಂದ. ನಮಗೆ ಅದೇ ಪ್ರವಚನ.

ಈಗ ಆ ತರುಣನ ಪ್ರಶ್ನೆಗೆ ಬರೋಣ. ನಾವು ಆ ಕಲ್ಲನ್ನು ಪೂಜಿಸಬೇಕೆಂದು ಹೇಳುವುದಿಲ್ಲ. ಆದರೆ ವಿಚಾರ ಮಾಡಿ. ಲಿಂಗೈಕ್ಯರಾದ ನಮ್ಮ ಹಿರಿಯರನ್ನು ಹೇಗೆ ಕಳಿಸಿಕೊಡುತ್ತೇವೆ? ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿ ಪತ್ರಿಗಳೊಡನೆ ಮಣ್ಣಿಗೆ ಒಪ್ಪಿಸುತ್ತೇವೆ. ನಾಳೆ ಯಾರಾದರೂ ಆ ಸಮಾಧಿಯನ್ನು ಹಾರೆಯಿಂದ ಅಗೆದರೆ ನಿಮ್ಮ ಹೊಟ್ಟೆ ಉರಿಯದೆ? ಆ ಗುಡ್ಡದ ಜನರಿಗೂ ತಾಯಿ ತಂದೆ ಇದ್ದರು. ಅವರಿಗಾಗಿ ಚಪ್ಪಡಿ ಹೊತ್ತರು, ಬೆವರು ಸುರಿಸಿದರು. ಅವರ ವಂಶದವರೆಂದು ಹೇಳಿಕೊಂಡು ಇಂದು ಕಾಯಲು ಬರುವವರಿಲ್ಲ. ಕಾಯುವವರಿಲ್ಲದ ಸಮಾಧಿಯನ್ನು ಕಾಯುವುದೇ ದಯೆ. ಇನ್ನು ನಿಧಿಯ ಮಾತು: ಕಾಯಕದಿಂದ ಬಾರದ ಹೊನ್ನು ನಮ್ಮದಲ್ಲ, ಅದು ಮನೆಗೆ ಬಂದರೂ ಪ್ರಸಾದವಾಗುವುದಿಲ್ಲ.

ಆದುದರಿಂದ ಅಂಥ ಸ್ಥಳಗಳಿಗೆ ಹೋಗಿ, ಬೇಡವೆನ್ನುವುದಿಲ್ಲ. ಕಲ್ಲಿನ ಮೇಲೆ ಹತ್ತಬೇಡಿ, ಒಂದು ಚೂರನ್ನೂ ತರಬೇಡಿ, ಹೆಸರು ಕೆತ್ತಬೇಡಿ. ಅಷ್ಟು ಭಾರದ ಚಪ್ಪಡಿಗಳನ್ನು ನಿಲ್ಲಿಸಿದವರೇ ತಮ್ಮ ಹೆಸರು ಬರೆದಿಲ್ಲ. ಬರಿಗೈಯಲ್ಲಿ ನೋಡಿ ಬರುವ ನಾವೇಕೆ ಬರೆಯಬೇಕು? ನಿಮ್ಮೂರಲ್ಲಿ ಯಾರಾದರೂ ನಿಧಿಯೆಂದು ಗುದ್ದಲಿ ಹಿಡಿದು ಹೊರಟರೆ ತಡೆಯಿರಿ. ಅದಕ್ಕೂ ಮೊದಲು ನಿಮ್ಮ ಕೈಯನ್ನು ನೀವೇ ತಡೆಯಿರಿ. ಇಷ್ಟಲಿಂಗವನ್ನು ಹಿಡಿಯುವ ಕೈ ಅದು.