ಹನ್ನೆರಡು ಹಕ್ಕಿ, ಒಂದು ಲೆಕ್ಕದ ಪುಸ್ತಕ

(ಟೂಂಗಾಬಿಯಲ್ಲಿ ನಡೆದ ಸಿಡ್ನಿ, ಮೆಲ್ಬರ್ನ್ ಕುಟುಂಬಗಳ ಸಮ್ಮಿಲನದಲ್ಲಿ ಆಡಿದ ಮಾತುಗಳ ಬರಹ ರೂಪ)

 

ಕಳೆದ ಸಲ ನಮ್ಮನ್ನು ಇಲ್ಲಿ ನಿಲ್ಲಿಸಿದ್ದು ಟ್ಯಾಕ್ಸ್ ರಿಟರ್ನ್ ಬಗ್ಗೆ ಮಾತಾಡಲಿಕ್ಕೆ. ಹಿಂದಿನ ಸಾಲಿನಲ್ಲಿ ಇಬ್ಬರು ಒಳ್ಳೆ ನಿದ್ದೆ ಮಾಡಿದ್ದು ನಮಗೆ ಇನ್ನೂ ನೆನಪುಂಟು. ಈ ಸಲ ಹಕ್ಕಿಯ ವಿಷಯ, ಸ್ವಲ್ಪ ಎಚ್ಚರ ಇರ್ತೀರಿ ಅಂತ ಆಸೆ. ಇನ್ನೊಂದು ಮಾತು. ನಾವು ‘ನಾವು’ ಅಂತಲೇ ಹೇಳ್ತೇವೆ. ಪಂಜರ ತೊಳೆಯುವುದು ಮನೆಯವರು, ನೀರು ಇಡುವುದು ಮಕ್ಕಳು, ಲೆಕ್ಕ ಬರೆಯುವುದು ಮಾತ್ರ ನಮ್ಮ ಕೈ. ‘ನಾನು ಸಾಕಿದೆ’ ಅಂತ ಇಲ್ಲಿ ಹೇಳಿದರೆ ಮನೆಗೆ ಹೋದ ಮೇಲೆ ಊಟ ಸಿಗುವುದು ಕಷ್ಟ.

ಇಂಗ್ಲಿಷಿನ ಕ್ವೇಲ್ ಅಂದರೆ ನಮ್ಮ ಗೌಜಲಕ್ಕಿ. ಕೆಲವರು ಲಾವಕ್ಕಿ ಅಂತಾರೆ, ಕಾಸರಗೋಡು ಕಡೆಯವರಿಗೆ ಕಾಡಕೋಳಿ. ಊರಲ್ಲಿ ಗದ್ದೆ ಬದಿಯಿಂದ ಬುರ್ರಂತ ಹಾರುತ್ತಿದ್ದ ಹಕ್ಕಿಯ ಸಂಬಂಧಿಕ. ಆದರೆ ಆ ಕಾಡುಹಕ್ಕಿ ಬೇರೆ, ಅದನ್ನು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮನೆಯಲ್ಲಿ ಸಾಕುವುದು ಜಪಾನಿ ಗೌಜಲಕ್ಕಿ. ಭಾರತಕ್ಕೆ ಅದು ಬಂದದ್ದು 1974ರಲ್ಲಿ, ಉತ್ತರ ಪ್ರದೇಶದ ಇಜ್ಜತ್‌ನಗರದ ಸಂಶೋಧನಾ ಕೇಂದ್ರಕ್ಕೆ. ಆಸ್ಟ್ರೇಲಿಯಾದಲ್ಲೂ ಸ್ಥಳೀಯ ಗೌಜಲಕ್ಕಿ ಜಾತಿಗಳುಂಟು, ಅವುಗಳ ನಿಯಮವೇ ಬೇರೆ. ಕೊಳ್ಳುವಾಗ ಜಪಾನಿಯೇ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ.

ಈ ಹಕ್ಕಿಯ ಗುಣ ಏನೆಂದರೆ ಎಲ್ಲವೂ ಬೇಗ. 17-18 ದಿನದಲ್ಲಿ ಮೊಟ್ಟೆ ಒಡೆದು ಮರಿ ಬರುತ್ತದೆ. ಆರೇಳು ವಾರದಲ್ಲಿ ಅದೇ ಮರಿ ಮೊಟ್ಟೆ ಇಡುತ್ತದೆ. ತೂಕ 150ರಿಂದ 200 ಗ್ರಾಂ, ದಿನಕ್ಕೆ ತಿನ್ನುವುದು 25 ಗ್ರಾಂ ಒಳಗೆ. ಒಳ್ಳೆ ಹೆಣ್ಣುಹಕ್ಕಿ ವರ್ಷಕ್ಕೆ 250ಕ್ಕಿಂತ ಹೆಚ್ಚು ಮೊಟ್ಟೆ ಕೊಡುತ್ತದೆ. ಇಷ್ಟು ಕೇಳಿದ ಕೂಡಲೇ ನಮ್ಮವರ ಮನಸ್ಸಿನಲ್ಲಿ ಗುಣಾಕಾರ ಶುರುವಾಗುತ್ತದೆ. ಆ ಗುಣಾಕಾರಕ್ಕೆ ಆಮೇಲೆ ಬರುತ್ತೇವೆ.

ಹಕ್ಕಿ ತರುವ ಮೊದಲು ಅನುಮತಿ. ನಮ್ಮಲ್ಲಿ ಹೆಚ್ಚಿನವರು ಬಾಡಿಗೆ ಮನೆಯವರು. ನ್ಯೂ ಸೌತ್ ವೇಲ್ಸ್‌ನಲ್ಲಿ 2025ರ ಮೇ 19ರಿಂದ ಹೊಸ ನಿಯಮ ಬಂದಿದೆ. ಸಾಕುಪ್ರಾಣಿಗೆ ನೀವು ಅರ್ಜಿ ಕೊಟ್ಟರೆ ಮನೆ ಮಾಲೀಕರು 21 ದಿನದೊಳಗೆ ಉತ್ತರ ಕೊಡಬೇಕು, ಸುಮ್ಮನೆ ಆಗಲ್ಲ ಅನ್ನುವ ಹಾಗಿಲ್ಲ. ಮೆಲ್ಬರ್ನ್‌ನವರಿಗೆ 2020ರಿಂದಲೇ ಇಂಥ ನಿಯಮ ಉಂಟು. ಬಾಯಿಮಾತಲ್ಲಿ ಕೇಳಬೇಡಿ, ಬರಹದಲ್ಲಿ ಕೇಳಿ. ಬಾಂಡ್ ಹಣದ ಜಗಳ ಬಂದಾಗ ಕಾಗದವೇ ಕಾಪಾಡುವುದು.

ಮತ್ತೆ ಕೌನ್ಸಿಲ್. ಟೂಂಗಾಬಿಯ ತಮಾಷೆ ಏನೆಂದರೆ ಊರು ಒಂದೇ, ಕೌನ್ಸಿಲ್ ಮೂರು: ಪರಮಾಟ, ಬ್ಲ್ಯಾಕ್‌ಟೌನ್, ಕಂಬರ್ಲ್ಯಾಂಡ್. ರಸ್ತೆಯ ಈ ಬದಿಯ ಮನೆಯವರಿಗೆ ಒಂದು, ಆ ಬದಿಯವರಿಗೆ ಇನ್ನೊಂದು. ಹಾಗಾಗಿ ‘ಅವರು ಸಾಕಿದ್ದಾರೆ, ನಾವೂ ಸಾಕುವ’ ಅಂತ ಹೊರಡಬೇಡಿ. ರಾಜ್ಯದ ನಿಯಮದಲ್ಲಿ ಕೋಳಿಗೂಡು ವಾಸದ ಮನೆಯಿಂದ ಕನಿಷ್ಠ 4.5 ಮೀಟರ್ ದೂರ ಇರಬೇಕು. ಕೋಳಿಯಲ್ಲದ ಕೆಲವು ಹಕ್ಕಿಗಳಿಗೆ 30 ಮೀಟರ್ ಅಂತ ಉಂಟು. ನಮ್ಮ ಹಿತ್ತಲಲ್ಲಿ 30 ಮೀಟರ್ ಅಳೆಯಲಿಕ್ಕೆ ಹೊರಟರೆ ಪಕ್ಕದವರ ಅಡುಗೆಮನೆಗೆ ಮುಟ್ಟುತ್ತೇವೆ. ಆದ್ದರಿಂದ ಗೌಜಲಕ್ಕಿಯನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ, ಎಷ್ಟು ಇಡಬಹುದು ಅಂತ ನಿಮ್ಮ ಕೌನ್ಸಿಲ್‌ಗೆ ಇಮೇಲ್ ಮಾಡಿ, ಉತ್ತರ ತೆಗೆದಿಟ್ಟುಕೊಳ್ಳಿ.

ನೆರೆಮನೆಯವರಿಗೂ ಒಂದು ಮಾತು ಹೇಳಿ. ಗಂಡುಹಕ್ಕಿ ಹುಂಜದಷ್ಟು ಕೂಗುವುದಿಲ್ಲ, ಆದರೆ ಕೂಗುತ್ತದೆ. ನಾವು ಮೊದಲ ವಾರ ಹತ್ತು ಮೊಟ್ಟೆ ತಟ್ಟೆಯಲ್ಲಿಟ್ಟು ಪಕ್ಕದ ಮನೆಗೆ ಕೊಟ್ಟೆವು. ಅಲ್ಲಿಂದ ಈವರೆಗೆ ದೂರು ಬಂದಿಲ್ಲ.

ಇನ್ನು ಪಂಜರ. ಇದರಲ್ಲಿ ನಾವು ತಪ್ಪು ಮಾಡಿದ್ದರಿಂದ ಸ್ವಲ್ಪ ಉದ್ದ ಹೇಳ್ತೇವೆ.

ಗೌಜಲಕ್ಕಿ ಹೆದರಿದರೆ ನೇರ ಮೇಲಕ್ಕೆ ಹಾರುತ್ತದೆ. ಪಂಜರ ಎರಡು ಮೂರು ಅಡಿ ಎತ್ತರ ಇದ್ದರೆ ವೇಗ ಸಿಕ್ಕಿ ತಲೆ ಒಡೆದುಕೊಳ್ಳುತ್ತದೆ. ಒಂದೋ ಒಂದು ಅಡಿಯಷ್ಟೇ ಎತ್ತರ ಮಾಡಿ, ಇಲ್ಲವೇ ಮನುಷ್ಯ ನಿಲ್ಲುವಷ್ಟು ಮಾಡಿ. ನಮ್ಮದು 4 ಅಡಿ ಉದ್ದ, 3 ಅಡಿ ಅಗಲ. ಹಕ್ಕಿಗೆ ಒಂದು ಚದರ ಅಡಿ ಲೆಕ್ಕದಲ್ಲಿ 12 ಹಕ್ಕಿಗೆ ಧಾರಾಳ. ಬಾಗಿಲು ಮೇಲೆ ಇಡಬೇಡಿ, ಬದಿಯಲ್ಲಿ ಚಿಕ್ಕದಾಗಿ ಇಡಿ. ನಮ್ಮ ಮೊದಲ ಪಂಜರದ ಬಾಗಿಲು ಮೇಲಿತ್ತು. ಚಿಕ್ಕ ಮಗ ತೆರೆದ, ಎರಡು ಹಕ್ಕಿ ಬೇಲಿ ದಾಟಿ ಹೋದವು. ಕೋಳಿ ಆದರೆ ಸಂಜೆಗೆ ಗೂಡಿಗೆ ಬರುತ್ತದೆ. ಇದಕ್ಕೆ ಆ ಬುದ್ಧಿ ಇಲ್ಲ, ಹೋದದ್ದು ಹೋಯಿತು. ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಬಲೆ ಅರ್ಧ ಇಂಚಿನದ್ದೇ ಬೇಕು. ಹೆಚ್ಚು ದೊಡ್ಡ ಕಣ್ಣಿನ ಬಲೆಯಲ್ಲಿ ಇಲಿ ಒಳಗೆ ಬರುತ್ತದೆ. ಇಲಿ, ಬೆಕ್ಕು, ನರಿ ಎಲ್ಲ ಇಲ್ಲಿ ಉಂಟು. ಪಂಜರವನ್ನು ನೆಲದಿಂದ ಎತ್ತರದಲ್ಲಿಡಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. 2022ರಲ್ಲಿ ಪ್ರಕಟವಾದ ಮೆಕ್ವಾರಿ ವಿಶ್ವವಿದ್ಯಾಲಯದವರ ಅಧ್ಯಯನ ಒಂದರಲ್ಲಿ ಸಿಡ್ನಿಯ ಹಿತ್ತಲ ಕೋಳಿಗಳ ಮೊಟ್ಟೆಯಲ್ಲಿ ಅಂಗಡಿಯ ಮೊಟ್ಟೆಗಿಂತ ಸರಾಸರಿ ಸುಮಾರು 40 ಪಟ್ಟು ಸೀಸ ಕಂಡಿತ್ತು. ಹಳೇ ಮನೆಗಳ ಪೈಂಟ್, ಹಳೇ ಪೆಟ್ರೋಲಿನ ಸೀಸ ಮಣ್ಣಿನಲ್ಲಿ ಕೂತಿರುತ್ತದೆ, ಕೋಳಿ ಕೆದಕಿ ತಿನ್ನುತ್ತದೆ. ನಮ್ಮ ಹಕ್ಕಿಗೆ ಮಣ್ಣಿನ ಸ್ನಾನ ಬೇಕೇ ಬೇಕು, ಆದರೆ ಹಿತ್ತಲಿನ ಮಣ್ಣು ಕೊಡಬೇಡಿ. ಅಂಗಡಿಯಿಂದ ತಂದ ಮರಳನ್ನು ಬಟ್ಟಲಲ್ಲಿ ಇಡಿ. ಅದರಲ್ಲಿ ಅವು ಹೊರಳಾಡುವುದನ್ನು ನೋಡಲು ಮಕ್ಕಳು ಐಪ್ಯಾಡ್ ಬಿಟ್ಟು ಬರುತ್ತಾರೆ.

ಸೆಖೆ. ಪಶ್ಚಿಮ ಸಿಡ್ನಿಯವರಿಗೆ ನಾವು ಹೇಳಬೇಕಾಗಿಲ್ಲ. 2020ರ ಜನವರಿ 4ರಂದು ಪೆನ್ರಿತ್‌ನಲ್ಲಿ 48.9 ಡಿಗ್ರಿ ಆಗಿತ್ತು. ನಮ್ಮ ಮೊದಲ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನೆರಳು ಸರಿದು ಪಂಜರಕ್ಕೆ ಬಿಸಿಲು ಬಿತ್ತು. ಕೆಲಸದಿಂದ ಬರುವಾಗ ಮೂರು ಹಕ್ಕಿ ಸತ್ತು ಬಿದ್ದಿದ್ದವು. ಈಗ ದಿನವಿಡೀ ನೆರಳಿರುವ ಜಾಗದಲ್ಲಿಟ್ಟಿದ್ದೇವೆ. 35 ಡಿಗ್ರಿ ದಾಟುವ ದಿನ ಬಾಟಲಿಯಲ್ಲಿ ನೀರು ಮಂಜುಗಡ್ಡೆ ಮಾಡಿ ಒಳಗಿಡುತ್ತೇವೆ, ಹಕ್ಕಿಗಳು ಅದಕ್ಕೆ ಒರಗಿ ಕೂರುತ್ತವೆ. ಮೆಲ್ಬರ್ನ್‌ನವರಿಗೆ ಇದರ ಜೊತೆ ಚಳಿಗಾಳಿಯ ಚಿಂತೆ. ಮೂರು ಬದಿ ಮುಚ್ಚಿ, ಒಂದು ಬದಿ ಗಾಳಿಗೆ ಬಿಡಿ.

ಶುರು ಮಾಡುವವರು ಮೊಟ್ಟೆ ತಂದು ಮರಿ ಮಾಡುವ ಆಸೆ ಬಿಡಿ. ಸಾಕಿದ ಗೌಜಲಕ್ಕಿ ಕಾವಿಗೆ ಕೂರುವುದು ಅಪರೂಪ, ಮೆಷಿನ್ ಬೇಕಾಗುತ್ತದೆ. ಮರಿ ಏಳೆಂಟು ಗ್ರಾಂ ಅಷ್ಟೇ ಇರುತ್ತದೆ, ನೀರಿನ ಬಟ್ಟಲಲ್ಲಿ ಗೋಲಿ ಹಾಕದಿದ್ದರೆ ಮುಳುಗಿ ಸಾಯುತ್ತದೆ. ಮೊದಲ ವಾರ 35 ಡಿಗ್ರಿಗೂ ಮೇಲೆ ಶಾಖ ಕೊಡಬೇಕು. ನೈಟ್ ಶಿಫ್ಟ್ ಮಾಡುವವರಿಗೆ ಇದೆಲ್ಲ ಆಗುವ ಕೆಲಸವಲ್ಲ. ಆರು ವಾರದ ಬೆಳೆದ ಹಕ್ಕಿ ತನ್ನಿ. ಗಂಡಿನ ಎದೆ ಕೆಂಗಂದು ಬಣ್ಣ, ಹೆಣ್ಣಿನ ಎದೆಯಲ್ಲಿ ಕಪ್ಪು ಚುಕ್ಕೆ. ನಾಲ್ಕೈದು ಹೆಣ್ಣಿಗೆ ಒಂದು ಗಂಡು ಸಾಕು, ಬರೀ ಮೊಟ್ಟೆ ತಿನ್ನುವುದಾದರೆ ಗಂಡೇ ಬೇಡ. ಹೆಚ್ಚು ಗಂಡು ಇದ್ದರೆ ಹೆಣ್ಣುಗಳ ತಲೆಯ ಪುಕ್ಕ ಕಿತ್ತು ಗಾಯ ಮಾಡುತ್ತವೆ.

ಆಹಾರಕ್ಕೆ ಅಕ್ಕಿ, ಗೋಧಿ ಹಾಕಿದರೆ ಸಾಲದು. ಮೊಟ್ಟೆಕೋಳಿಯ ಆಹಾರಕ್ಕಿಂತ ಇದಕ್ಕೆ ಪ್ರೊಟೀನ್ ಹೆಚ್ಚು ಬೇಕು, ಬೆಳೆದ ಹಕ್ಕಿಗೆ ಶೇಕಡಾ 20ರಷ್ಟು. ಪ್ರೊಡ್ಯೂಸ್ ಸ್ಟೋರ್‌ನಲ್ಲಿ ಗೇಮ್ ಬರ್ಡ್ ಅಂತ ಕೇಳಿ, ಚೀಲದ ಮೇಲಿನ ಬರಹ ಓದಿ. ಔಷಧಿ ಬೆರೆಸಿದ್ದಾದರೆ ಮೊಟ್ಟೆ ತಿನ್ನಬಹುದಾ ಅಂತ ಅದರಲ್ಲೇ ಬರೆದಿರುತ್ತದೆ. ಊರಲ್ಲಿ ಉಮ್ಮ ಮರುವಾಯಿ ಚಿಪ್ಪು ಕುಟ್ಟಿ ಕೋಳಿಗೆ ಹಾಕುತ್ತಿದ್ದರು. ಇಲ್ಲಿ ಅದಕ್ಕೆ ಶೆಲ್ ಗ್ರಿಟ್ ಅಂತ ಹೆಸರು, ಕೆಲಸ ಅದೇ, ಮೊಟ್ಟೆಯ ಚಿಪ್ಪು ಗಟ್ಟಿಯಾಗುತ್ತದೆ. ಜೂನ್ ತಿಂಗಳಲ್ಲಿ ಹಗಲು ಹತ್ತು ಗಂಟೆಗೆ ಇಳಿದಾಗ ಮೊಟ್ಟೆ ನಿಂತರೆ ಹೆದರಬೇಡಿ. ಈ ಹಕ್ಕಿಗೆ 14 ಗಂಟೆ ಬೆಳಕು ಬೇಕು, ಚಿಕ್ಕ ಬಲ್ಬ್ ಹಾಕಿದರೆ ಸರಿಯಾಗುತ್ತದೆ. ಗೊಬ್ಬರ ಹಸಿಯಾಗಿ ಗಿಡಕ್ಕೆ ಹಾಕಿದರೆ ಗಿಡ ಸುಡುತ್ತದೆ, ಕೊಳೆಸಿ ಹಾಕಿ. ನಮ್ಮ ಕರಿಬೇವಿನ ಗಿಡ ನೋಡಿದವರಿಗೆ ಗೊತ್ತು.

ರೋಗದ ಬಗ್ಗೆ ಒಂದು ಮಾತು. 2024ರ ಜೂನ್‌ನಲ್ಲಿ ಇಲ್ಲೇ ಹತ್ತಿರದ ಹಾಕ್ಸ್‌ಬರಿಯ ಫಾರ್ಮ್‌ಗಳಲ್ಲಿ ಹಕ್ಕಿಜ್ವರ ಬಂತು. ಅದಕ್ಕಿಂತ ಮೊದಲು ವಿಕ್ಟೋರಿಯಾದಲ್ಲಿ ಬಂದಿತ್ತು. ಕಾಡುಹಕ್ಕಿಯ ಹಿಕ್ಕೆ ನಿಮ್ಮ ಪಂಜರದ ನೀರಿಗೆ, ಆಹಾರಕ್ಕೆ ಬೀಳಬಾರದು. ಬೇರೆಯವರ ಕೋಳಿಗೂಡಿಗೆ ಹೋದ ಚಪ್ಪಲಿಯಲ್ಲಿ ನಿಮ್ಮ ಗೂಡಿಗೆ ಹೋಗಬೇಡಿ. ಹಕ್ಕಿಗಳು ಒಟ್ಟೊಟ್ಟಿಗೆ ಸತ್ತರೆ ಮುಚ್ಚಿಡದೆ 1800 675 888ಕ್ಕೆ ಫೋನ್ ಮಾಡಿ. ವೀಸಾಕ್ಕೆ ತೊಂದರೆ ಆಗುತ್ತದಾ ಅಂತ ಒಬ್ಬರು ಕೇಳಿದ್ದರು. ಇದು ಪ್ರಾಣಿರೋಗದ ನಂಬರ್ ಮಾರಾಯ್ರೆ, ಇಮಿಗ್ರೇಷನ್ ನಂಬರ್ ಅಲ್ಲ.

ಈಗ ಲೆಕ್ಕಕ್ಕೆ ಬರುವ.

ನಮ್ಮದು 10 ಹೆಣ್ಣು, 2 ಗಂಡು. ದಿನಕ್ಕೆ 300 ಗ್ರಾಂ, ತಿಂಗಳಿಗೆ 9 ಕಿಲೋ ಆಹಾರ. 20 ಕಿಲೋ ಚೀಲಕ್ಕೆ ನಾವು ಕೊಟ್ಟದ್ದು 38 ಡಾಲರ್, ಅಂದರೆ ತಿಂಗಳಿಗೆ ಸುಮಾರು 17 ಡಾಲರ್ ಖರ್ಚು. ಮೊಟ್ಟೆ ದಿನಕ್ಕೆ 8, ತಿಂಗಳಿಗೆ 240. ಅಂಗಡಿಯಲ್ಲಿ ಗೌಜಲಕ್ಕಿ ಮೊಟ್ಟೆ ಡಜನಿಗೆ 5 ಡಾಲರ್ ಅಂತ ಹಿಡಿದರೆ 20 ಡಜನಿಗೆ 100 ಡಾಲರ್. 17 ಹಾಕಿ 100 ಬಂತು! ಇದನ್ನು ಮನೆಯಲ್ಲಿ ಹೇಳಿದಾಗ ಮನೆಯವರು ಒಂದೇ ಪ್ರಶ್ನೆ ಕೇಳಿದರು: ‘ಹಕ್ಕಿ ತರುವ ಮೊದಲು ನಾವು ತಿಂಗಳಿಗೆ 100 ಡಾಲರ್ ಕೊಟ್ಟು ಗೌಜಲಕ್ಕಿ ಮೊಟ್ಟೆ ತರುತ್ತಿದ್ದೆವಾ?’

ಇಲ್ಲ. ಒಂದು ಡಜನ್ ಕೂಡ ತಂದವರಲ್ಲ. ನಾವು ತರುತ್ತಿದ್ದದ್ದು ಕೋಳಿಮೊಟ್ಟೆ. ತೂಕದಲ್ಲಿ ಐದು ಗೌಜಲಕ್ಕಿ ಮೊಟ್ಟೆ ಒಂದು ಕೋಳಿಮೊಟ್ಟೆಗೆ ಸಮ. ಹಾಗಾದರೆ 240 ಅಂದರೆ 48, ನಾಲ್ಕು ಡಜನ್, ನಾವು ಕೊಳ್ಳುವ ದರದಲ್ಲಿ 26 ಡಾಲರ್. ಉಳಿತಾಯ ತಿಂಗಳಿಗೆ 9 ಡಾಲರ್. ಪಂಜರ ಮತ್ತು ಹಕ್ಕಿಗೆ ಹಾಕಿದ್ದು 300. ಅದು ಮರಳಲಿಕ್ಕೆ ಮೂರು ವರ್ಷ ಹತ್ತಿರ ಬೇಕು, ಅಷ್ಟರಲ್ಲಿ ಈ ಹಕ್ಕಿಗಳ ಮೊಟ್ಟೆಯ ಕಾಲ ಮುಗಿದಿರುತ್ತದೆ. ಮಾರುವ ಅಂದರೆ ಫುಡ್ ಅಥಾರಿಟಿಯ ನಿಯಮ ಉಂಟು, ಹವ್ಯಾಸವಾ ವ್ಯಾಪಾರವಾ ಅಂತ ಟ್ಯಾಕ್ಸ್ ಆಫೀಸಿನ ಪ್ರಶ್ನೆ ಉಂಟು.

ಈ ಲೆಕ್ಕವನ್ನು ನಾವು ಹಕ್ಕಿ ತರುವ ಆರು ವರ್ಷ ಮೊದಲೇ ಮಾಡಬೇಕಿತ್ತು.

ವಿಟ್ಲದಲ್ಲಿ ನಮ್ಮ ಮನೆಯವರ ತಮ್ಮ ಇದ್ದಾರೆ. ದಮ್ಮಾಮಿನಲ್ಲಿ 11 ವರ್ಷ ದುಡಿದು ಊರಿಗೆ ಬಂದವರು. ಯಾರೋ ಒಂದು ಪಾರ್ಟಿ ಬಂದು 500 ಮರಿ ಕೊಡುತ್ತೇವೆ, ಡೆಪಾಸಿಟ್ ಕಟ್ಟಿ, ಶೆಡ್ ಮಾಡಿ, ಮೊಟ್ಟೆಗೆ ಮೂರು ರೂಪಾಯಿಯಂತೆ ನಾವೇ ಕೊಳ್ಳುತ್ತೇವೆ ಅಂದರು. ದಿನಕ್ಕೆ 300 ಮೊಟ್ಟೆ, ತಿಂಗಳಿಗೆ 27 ಸಾವಿರ. ಆಹಾರಕ್ಕೆ 15 ಸಾವಿರ ಹೋದರೂ 12 ಸಾವಿರ ಉಳಿಯುತ್ತದೆ. ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ಒಟ್ಟು 3 ಲಕ್ಷ 40 ಸಾವಿರ ಬಿತ್ತು, ಅದರಲ್ಲಿ 2 ಲಕ್ಷ ಇಲ್ಲಿಂದ ನಾವು ಕಳಿಸಿದ್ದು. ದಿನವಿಡೀ ಕಂಪೆನಿಗಳ ಲೆಕ್ಕದಲ್ಲಿ ತಪ್ಪು ಹುಡುಕುವವರು ನಾವು. ಆದರೆ ಮನೆಯವರ ತಮ್ಮನ ಹತ್ತಿರ ಲೆಕ್ಕ ಕೇಳುವುದು ಮರ್ಯಾದೆ ಅಲ್ಲ ಅಂತ ಸುಮ್ಮನಿದ್ದೆವು.

ನಾಲ್ಕು ತಿಂಗಳು ಮೊಟ್ಟೆ ಕೊಂಡರು. ಐದನೇ ತಿಂಗಳು ಫೋನ್ ಸ್ವಿಚ್ ಆಫ್. ವಿಟ್ಲದ ಪೇಟೆಯಲ್ಲಿ ದಿನಕ್ಕೆ 60 ಮೊಟ್ಟೆ ಹೋಗುವುದೇ ಹೆಚ್ಚು, ಅದೂ ಎರಡು ರೂಪಾಯಿಗೆ. ಹಕ್ಕಿಗಳಿಗೆ ಕಾಂಟ್ರ್ಯಾಕ್ಟ್ ಮುರಿದದ್ದು ಗೊತ್ತಿಲ್ಲವಲ್ಲ, ಅವು ದಿನಕ್ಕೆ ಹನ್ನೆರಡೂವರೆ ಕಿಲೋ ತಿನ್ನುತ್ತಲೇ ಇದ್ದವು. ಕೊನೆಗೆ ಹೋಟೆಲಿನವರಿಗೆ ಕೊಟ್ಟು ಬಂದದ್ದು 28 ಸಾವಿರ. ಎಂಟು ತಿಂಗಳು ಅವರು ನಮ್ಮ ಫೋನ್ ಎತ್ತಲಿಲ್ಲ. ಸಲಾಂ ಮಾತ್ರ ಉಮ್ಮನ ಮೂಲಕ ಬರುತ್ತಿತ್ತು. ಹಣಕ್ಕಿಂತ ಹೆಚ್ಚು ನೋವಾದದ್ದು ಅದು.

ಇದು ಹೊಸ ಆಟ ಅಲ್ಲ. ತಮಿಳುನಾಡಿನ ಪೆರುಂದುರೈಯಲ್ಲಿ ಸುಸಿ ಈಮು ಫಾರ್ಮ್ಸ್ ಅಂತ ಇತ್ತು. ಹಣ ಕಟ್ಟಿ, ಮರಿ ನಾವು ಕೊಡುತ್ತೇವೆ, ಆಹಾರ ನಾವು ಕೊಡುತ್ತೇವೆ, ತಿಂಗಳು ತಿಂಗಳು ದುಡ್ಡೂ ಕೊಡುತ್ತೇವೆ ಅಂದರು. 2012ರಲ್ಲಿ ಬಾಗಿಲು ಮುಚ್ಚಿತು, ಸಾವಿರಾರು ಜನ ಪೊಲೀಸ್ ಸ್ಟೇಷನ್ ಮುಂದೆ ನಿಂತರು. ಈಮು ಇದೇ ಆಸ್ಟ್ರೇಲಿಯಾದ ಹಕ್ಕಿ. ಇಲ್ಲಿಯವರು ವಾರಕ್ಕೆ ಎಷ್ಟು ಈಮು ತಿನ್ನುತ್ತಾರೆ ಅಂತ ಒಂದು ಫೋನ್ ಮಾಡಿ ಕೇಳಿದ್ದರೆ ಸಾಕಿತ್ತು. ಹಕ್ಕಿ ಎಷ್ಟು ಮೊಟ್ಟೆ ಇಡುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಮ್ಮ ಪೇಟೆಯಲ್ಲಿ ನಾಳೆ ಬೆಳಿಗ್ಗೆ ಅದನ್ನು ದುಡ್ಡು ಕೊಟ್ಟು ಕೊಳ್ಳುವವರ ಹೆಸರು ಹೇಳಿ ಅಂದರೆ ಯಾರೂ ಹೇಳುವುದಿಲ್ಲ.

ಊರಿನಿಂದ ಇಂಥ ಪ್ಲಾನ್ ಬಂದರೆ ಬೇಡ ಅಂತ ನಾವು ಹೇಳುವುದಿಲ್ಲ. 500ರ ಬದಲು 20 ಹಕ್ಕಿಗೆ ಮಾತ್ರ ಹಣ ಕಳಿಸಿ, ಒಂದು ವರ್ಷ ಲೆಕ್ಕ ಬರೆಯಲಿ. ಮಂಗಳೂರಿನ ಕಂಕನಾಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಉಂಟು, ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರಕಾರದ ಕೋಳಿ ಸಾಕಣೆ ತರಬೇತಿ ಸಂಸ್ಥೆ ಉಂಟು. ಮೊದಲು ಅಲ್ಲಿ ಹೋಗಿ ವಿಚಾರಿಸಲಿ.

ನಾವು ಟೂಂಗಾಬಿಯಲ್ಲಿ ಪಂಜರ ಇಟ್ಟ ಮೇಲೆ ಅವರಿಗೆ ಫೋಟೋ ಕಳಿಸಿದೆವು. ಎರಡು ದಿನ ಬಿಟ್ಟು ಉತ್ತರ ಬಂತು: ‘ಬಾಗಿಲು ಮೇಲೆ ಯಾಕೆ ಇಟ್ಟಿದ್ದೀರಿ ಭಾವ, ಹಾರಿ ಹೋಗ್ತದೆ.’ ಅಷ್ಟರಲ್ಲಿ ಹಾರಿ ಹೋಗಿ ಆಗಿತ್ತು. ಅಲ್ಲಿಂದ ಮಾತು ಶುರುವಾಯಿತು. ಇಲ್ಲಿವರೆಗೆ ನಾವು ಹೇಳಿದ್ದರಲ್ಲಿ ಅರ್ಧ ಅವರೇ ಕಲಿಸಿದ್ದು. ಈಗ ಅವರು ಶಾಲೆಯ ವ್ಯಾನ್ ಓಡಿಸುತ್ತಾರೆ, ಹಿತ್ತಲಲ್ಲಿ 20 ಹಕ್ಕಿ ಇಟ್ಟಿದ್ದಾರೆ, ಎರಡು ಬೇಕರಿಗೆ ಮೊಟ್ಟೆ ಕೊಡುತ್ತಾರೆ. ಪ್ರತಿ ತಿಂಗಳು ಒಂದನೇ ತಾರೀಕು ಅವರ ಲೆಕ್ಕದ ಪುಟದ ಫೋಟೋ ನಮಗೆ ಬರುತ್ತದೆ, ನಮ್ಮದು ಅವರಿಗೆ ಹೋಗುತ್ತದೆ. ಹೋದ ತಿಂಗಳು ಅವರ ಲಾಭ 410 ರೂಪಾಯಿ.

ನಮ್ಮ ಲೆಕ್ಕದ ಪುಟಗಳ ಜೆರಾಕ್ಸ್ ಬಾಗಿಲ ಹತ್ತಿರದ ಮೇಜಿನಲ್ಲಿ ಇಟ್ಟಿದ್ದೇವೆ, ಬೇಕಾದವರು ತೆಗೆದುಕೊಳ್ಳಿ. ಪಕ್ಕದಲ್ಲಿ ಬೇಯಿಸಿದ ಮೊಟ್ಟೆ ಉಂಟು, ಕಾಳುಮೆಣಸಿನ ಹುಡಿಯೂ ಉಂಟು. ಎಣಿಸಿ ತಂದದ್ದು 96. ಮಕ್ಕಳಿಗೆ ಮೊದಲು ಕೊಡಿ.