ದೀಪ ಹಿಡಿದ ಕೈ, ಸಂಜೆಯ ಉಡುಪು

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪಧಾರಿಣಿಯ ಚಿತ್ರವನ್ನು ಕೊರಟಗೆರೆ, ಮಧುಗಿರಿ ಕಡೆಯ ನಾವು ಮೂಲದಲ್ಲಿ ಕಾಣುವ ಮೊದಲು ಅಚ್ಚಿನಲ್ಲಿ ಕಂಡಿರುತ್ತೇವೆ. ರವಿವರ್ಮನದೆಂದೇ ಹಲವರು ನಂಬಿರುವ ಈ ಚಿತ್ರ ಸಾವಂತವಾಡಿಯ ಎಸ್.ಎಲ್. ಹಲ್ದಣಕರ್ ಅವರದು. ರವಿವರ್ಮ 1906ರಲ್ಲೇ ತೀರಿಕೊಂಡ. ಇದು 1940ರ ದಶಕದ್ದು, ರೂಪದರ್ಶಿ ಕಲಾವಿದರ ಮಗಳು ಗೀತಾ. ‘ನಿಜವಾದ ದೀಪದ ಹಾಗೇ ಇದೆ’ ಎಂಬುದು ಇದಕ್ಕೆ ಸಿಗುವ ವಾಡಿಕೆಯ ಮೆಚ್ಚುಗೆ. ಈ ಮೆಚ್ಚುಗೆ ಸಾಲದು ಎಂಬುದು ನನ್ನ ವಾದ. ಇಲ್ಲಿ ದೀಪ ಹೆಣ್ಣನ್ನು ತೋರಿಸುವುದಕ್ಕಿಂತ ಹೆಚ್ಚಾಗಿ, ಹೆಣ್ಣಿನ ಕೈಯೂ ಸೀರೆಯೂ ಬೆಳಕನ್ನು ತೋರಿಸುತ್ತವೆ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳ ಅಂಚು ಕೆಂಪಾಗಿದೆ. ಉರಿಯನ್ನು ನಾವು ಅರಿಯುವುದು ಆ ಕೆಂಪಿನಿಂದ.

ಪ್ಯಾರಿಸಿನ ಬೆರ್ತ್ ಮೊರಿಸೊ 1879ರಲ್ಲಿ ಬರೆದ, ಸಂಜೆಯ ನೃತ್ಯಕೂಟದ ಉಡುಪು ತೊಟ್ಟ ತರುಣಿಯ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗಳಿಗೆಯ ಬೆಳಕನ್ನು ಬಿಡಿ ಕುಂಚಬೀಸುಗಳಲ್ಲಿ ಹಿಡಿಯುತ್ತಿದ್ದ ಇಂಪ್ರೆಷನಿಸ್ಟ್ ಕಲಾವಿದರ 1880ರ ಪ್ರದರ್ಶನದಲ್ಲಿದ್ದ ಅದನ್ನು 1894ರಲ್ಲಿ ಫ್ರೆಂಚ್ ಸರ್ಕಾರ ಕೊಂಡಿತು. ಅಂಥ ಉಡುಪು ಹತ್ತು ಜನರ ಕಣ್ಣಿಗೆಂದೇ ಹೊಲಿದದ್ದು. ಮೊರಿಸೊ ಮಾತ್ರ ಆ ಜನರನ್ನೇ ಬಿಟ್ಟಿದ್ದಾಳೆ. ಬಿಳಿ ಬಟ್ಟೆ ಹಿಂದಿನ ಹೂ-ಎಲೆಗಳೊಳಗೆ ಕುಂಚದ ಬೀಸಿನಲ್ಲಿ ಕರಗುತ್ತದೆ, ತರುಣಿ ಬೇರೆಲ್ಲೋ ನೋಡುತ್ತಾಳೆ. ನೋಡಿಸಿಕೊಳ್ಳಲು ಸಿಂಗರಿಸಿಕೊಂಡವಳಿಗೆ ಕಲಾವಿದೆ ಒಂದು ಗಳಿಗೆಯ ಬಿಡುವು ಕೊಟ್ಟಿದ್ದಾಳೆ. ಇದು ಬಹು ದೊಡ್ಡ ಔದಾರ್ಯವೆಂದು ನಾನು ತಿಳಿಯುತ್ತೇನೆ.

ಹಲ್ದಣಕರ್ ಇಂಪ್ರೆಷನಿಸ್ಟ್ ಅಲ್ಲವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯ ಶಿಸ್ತಿನವರು, ಅವರ ಆಕಾರಗಳು ಒಡೆಯುವುದಿಲ್ಲ, ನೆರಳು ಬಿದ್ದಲ್ಲೇ ನಿಲ್ಲುತ್ತದೆ. ಆದರೆ ನಾನು ಹೋಲಿಸುತ್ತಿರುವುದು ಶೈಲಿಯನ್ನಲ್ಲ, ಅವರೆದುರಿಗಿದ್ದ ಪ್ರಶ್ನೆಯನ್ನು: ಒಂದು ಹೊತ್ತಿನ ಬೆಳಕು ಬಟ್ಟೆಯ ಮೇಲೆ, ಮೈಮೇಲೆ ಏನು ಮಾಡುತ್ತದೆ? ಮೊರಿಸೊಳ ಉತ್ತರದಲ್ಲಿ ಬೆಳಕಿಗೆ ಮೂಲವಿಲ್ಲ, ಅದು ಎಲ್ಲೆಡೆ ಹರಡಿದೆ. ಹಲ್ದಣಕರ್ ಅವರಲ್ಲಿ ಮೂಲ ಒಂದೇ, ಅದನ್ನೂ ಅಂಗೈ ಮರೆಮಾಡಿದೆ.

ಕ್ಯಾಲೆಂಡರಿನ ಚಂದಕ್ಕೆ ಇಷ್ಟು ಮಾತೇಕೆ ಎನ್ನುವವರೂ ಇದ್ದಾರೆ. ಅಚ್ಚಿನ ಜನಪ್ರಿಯತೆಯನ್ನು ಮೂಲದ ದೋಷವೆಂದು ಎಣಿಸುವುದು ಅನ್ಯಾಯ. ಆ ಮೂಲದ ಕಷ್ಟವೇ ಬೇರೆ: ಹಲ್ದಣಕರ್ ಅವರ ಚಿತ್ರ ಕಾಗದದ ಮೇಲಿನ ಜಲವರ್ಣ. ಮೊರಿಸೊಳ ಎಣ್ಣೆಬಣ್ಣದಲ್ಲಿ ಕತ್ತಲ ಮೇಲೂ ಬಿಳಿಯನ್ನು ಹಚ್ಚಬಹುದು. ಪಾರದರ್ಶಕ ಜಲವರ್ಣದಲ್ಲಿ ಹೊಳಪೆಂದರೆ ಬಣ್ಣ ತಾಗದೆ ಉಳಿದ ಕಾಗದ. ಕತ್ತಲನ್ನು ಪದರ ಪದರವಾಗಿ ತುಂಬುತ್ತಾ ಹೋಗಬೇಕು, ಬೆಳಕಿನ ಜಾಗವನ್ನು ಮೊದಲ ದಿನವೇ ಗೊತ್ತುಮಾಡಿಕೊಂಡು ಕೊನೆಯವರೆಗೂ ಮುಟ್ಟದೆ ಕಾಯಬೇಕು.