ವಿದ್ಯುತ್ ಸಂಚಯವೂ ಮಹಾಧಾರಕವೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವದಕ್ಕಿಂತ ಅದನ್ನು ಕೂಡಿಡುವದೇ ಕಠಿಣವಾದ ಕಾರ್ಯವು. ಜೋಳವನ್ನು ಹಗೇವಿನಲ್ಲಿ ತುಂಬಿಡಬಹುದು, ನೀರನ್ನು ಕೆರೆಯಲ್ಲಿ ನಿಲ್ಲಿಸಬಹುದು. ವಿದ್ಯುತ್ತಾದರೋ ಹುಟ್ಟಿದ ಕ್ಷಣದಲ್ಲಿಯೇ ವ್ಯಯವಾಗಬೇಕೆನ್ನುವದು. ಬ್ಯಾಟರಿಯನ್ನು ತೆಗೆದು ಆ ಸ್ಥಳದಲ್ಲಿ ಅಲ್ಟ್ರಾಕೆಪ್ಯಾಸಿಟರ್ ಎಂಬ ಮಹಾಧಾರಕವನ್ನಿಟ್ಟರೆ ಈ ತೊಡಕು ಪೂರ್ಣವಾಗಿ ಬಗೆಹರಿಯುವದೆಂದು ಹಲವರು ನಂಬಿರುವರು. ಈ ನಂಬಿಕೆಯು ಎಷ್ಟರಮಟ್ಟಿಗೆ ಯುಕ್ತವಾದುದೆಂಬುದನ್ನು ತಮ್ಮ ಮುಂದೆ ವಿಚಾರಕ್ಕಿಡುವೆನು.

ಧಾರಕವು ಹೊಸ ವಸ್ತುವಲ್ಲ. 1745-46ರಲ್ಲಿ ಯುರೋಪಿನ ಪಂಡಿತರು ಕಂಡುಹಿಡಿದ ಲೈಡನ್ ಜಾಡಿಯೇ ಅದರ ಮೂಲರೂಪವು. ಎರಡು ಲೋಹದ ಹಾಳೆಗಳು, ಅವುಗಳ ನಡುವೆ ವಿದ್ಯುತ್ತನ್ನು ಹರಿಯಗೊಡದ ಪದಾರ್ಥ. ಹಾಳೆಗಳು ವಿಶಾಲವಾದಷ್ಟೂ ನಡುವಿನ ಅಂತರವು ಕಿರಿದಾದಷ್ಟೂ ಅದು ಹೆಚ್ಚು ವಿದ್ಯುತ್ತನ್ನು ಹಿಡಿಯುವದು. ಲೋಹದ ಹಾಳೆಯ ಬದಲಿಗೆ ರಂಧ್ರಮಯವಾದ ಇದ್ದಿಲನ್ನು ಉಪಯೋಗಿಸುವ ಉಪಾಯಕ್ಕೆ ಅಮೇರಿಕೆಯ ಜನರಲ್ ಇಲೆಕ್ಟ್ರಿಕ್ ಕಂಪನಿಯ ಹೋವರ್ಡ್ ಬೆಕರ್ ಎಂಬವರು 1957ರಲ್ಲಿ ಪೇಟೆಂಟು ಪಡೆದರು. ನಾವು ಒಲೆಗೆಸೆಯುವ ತೆಂಗಿನ ಚಿಪ್ಪಿನಿಂದಲೂ ಈ ಇದ್ದಿಲನ್ನು ಸಿದ್ಧಪಡಿಸುವರು. ಅದರ ಒಂದೇ ಗ್ರಾಮಿನ ಒಳರಂಧ್ರಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 15ರಿಂದ 20 ಗುಂಟೆ ಹೊಲವನ್ನು ಮುಚ್ಚಬಹುದು! ಇದ್ದಿಲನ್ನು ಲವಣದ್ರಾವಣದಲ್ಲಿ ನೆನೆಯಿಸಿದಾಗ ವಿದ್ಯುತ್ಕಣಗಳು ಆ ಮೈಗೆ ಅತ್ಯಂತ ನಿಕಟವಾಗಿ ಬಂದು ನಿಲ್ಲುವವು. ಬ್ಯಾಟರಿಯಲ್ಲಿರುವಂತೆ ಇಲ್ಲಿ ರಾಸಾಯನಿಕ ಪರಿವರ್ತನೆಯ ಗೊಡವೆಯಿಲ್ಲ. ಆದುದರಿಂದ ಕೆಲವು ಸೆಕೆಂಡುಗಳಲ್ಲಿ ತುಂಬುವದು, ಅಷ್ಟೇ ವೇಗದಿಂದ ಬರಿದಾಗುವದು. ಹತ್ತು ಲಕ್ಷ ಸಲ ಹೀಗೆ ಮಾಡಿದರೂ ತಾಳುವಂತೆ ಇದನ್ನು ರಚಿಸುವರು.

ಇಷ್ಟು ಗುಣಸಂಪನ್ನವಾದ ವಸ್ತುವಿಗೆ ಹೊಟ್ಟೆಯು ಮಾತ್ರ ಚಿಕ್ಕದು. ಸುಮಾರು 2.7 ವೋಲ್ಟಿಗಿಂತ ಹೆಚ್ಚು ಒತ್ತಡವನ್ನು ಕೊಟ್ಟರೆ ಅದರೊಳಗಿನ ದ್ರಾವಣವು ಕೆಡತೊಡಗುವದು. 3000 ಫ್ಯಾರಡ್ಡಿನ ಒಂದು ಕೋಶವು ಅರ್ಧ ಕಿಲೋಗ್ರಾಂ ತೂಗುವದು. ಅದು ಹಿಡಿಯುವದು ಸುಮಾರು 3 ವ್ಯಾಟ್-ಗಂಟೆ ಮಾತ್ರ. 50 ಕಿಲೋಗ್ರಾಂ ಚೀಲವೊಂದನ್ನು 22 ಮೀಟರು ಎತ್ತರಕ್ಕೇರಿಸಲು ಇದು ಸಾಕೆಂಬುದು ನಿಜ. ಆದರೆ ಅಂಗೈಯಲ್ಲಿ ಅಡಗುವ ದೂರವಾಣಿಯ ಬ್ಯಾಟರಿಯು ಇದರ ನಾಲ್ಕೈದು ಪಾಲು ಶಕ್ತಿಯನ್ನು ಹಿಡಿದಿರುವದು. ಒಂದು ಮನೆಗೆ ರಾತ್ರಿಯ ಬಳಕೆಗೆಂದು ಒಂದು ಯುನಿಟ್ಟನ್ನು ಕೂಡಿಡಬೇಕಾದರೆ ಇಂಥ 330 ಕೋಶಗಳು ಬೇಕಾಗುವವು. ಅವುಗಳ ತೂಕ 165 ಕಿಲೋಗ್ರಾಂ. ಲಿಥಿಯಂ ಬ್ಯಾಟರಿಯಾದರೆ ಏಳೆಂಟು ಕಿಲೋಗ್ರಾಮಿನಲ್ಲಿ ಮುಗಿಯುವದು. ಇದಲ್ಲದೆ ಧಾರಕವನ್ನು ಸುಮ್ಮನೆ ಇಟ್ಟರೂ ಅದರ ಸಂಚಯವು ದಿನೇದಿನೇ ಸೋರಿಹೋಗುವದು.

ಈ ಕೊರತೆಯನ್ನು ಒಮ್ಮೆಲೇ ದಾಟಿಬಿಡುವೆವೆಂದು ಹೊರಟವರೂ ಉಂಟು. ಟೆಕ್ಸಾಸ್ ಪ್ರಾಂತದ ಈಸ್ಟೋರ್ ಕಂಪನಿಯು ಇದ್ದಿಲನ್ನು ಬಿಟ್ಟು ಬೇರಿಯಂ ಟೈಟನೇಟ್ ಎಂಬ ಪಿಂಗಾಣಿಯಂಥ ಪದಾರ್ಥವನ್ನು ಹಿಡಿಯಿತು. 3500 ವೋಲ್ಟುಗಳಲ್ಲಿ 52 ಯುನಿಟ್ಟನ್ನು ಕೂಡಿಡುವ ಧಾರಕದ ವರ್ಣನೆಯುಳ್ಳ ಪೇಟೆಂಟು 2006ರಲ್ಲಿ ಅದಕ್ಕೆ ದೊರೆಯಿತು. ಕೆನಡಾದ ಝೆನ್ ಕಂಪನಿಯು ಅದರಲ್ಲಿ ಹಣವನ್ನು ತೊಡಗಿಸಿ, ಆ ಧಾರಕದಿಂದ ನಡೆಯುವ ಮೋಟಾರು ಗಾಡಿಯನ್ನು 2009ರಲ್ಲಿ ತರುವದಾಗಿ 2008ರಲ್ಲಿ ಸಾರಿತು. ಗಾಡಿಯು ಬರಲಿಲ್ಲ. ಬೇರಿಯಂ ಟೈಟನೇಟಿನ ಮೇಲೆ ವಿದ್ಯುತ್ ಕ್ಷೇತ್ರವು ಪ್ರಬಲವಾದಂತೆಲ್ಲ ಅದರ ಧಾರಣಗುಣವು ಕುಗ್ಗುವದೆಂಬುದನ್ನು ತಜ್ಞರು ಮೊದಲಿನಿಂದಲೂ ಬಲ್ಲರು. ಲೆಕ್ಕವಾದರೋ ಆ ಗುಣವು ಕುಗ್ಗದೆಂಬ ಎಣಿಕೆಯ ಮೇಲೆ ನಿಂತಿತ್ತು. ಐದು ನಿಮಿಷಗಳಲ್ಲಿ ತುಂಬಿ ನೂರಾರು ಮೈಲು ಓಡಿಸುವ ಧಾರಕವನ್ನು ಕೊಡುವೆವೆಂದು ಹಣ ಕೇಳುವವರನ್ನು ತಾವು ಮೊದಲು ವಿಚಾರಿಸಬೇಕಾದುದು ಇಷ್ಟೇ: ಒಂದು ಕಿಲೋಗ್ರಾಮಿಗೆ ಎಷ್ಟು ವ್ಯಾಟ್-ಗಂಟೆ? ಅಳೆದು ತೋರಿಸಿದವರಾರು?

ಹಾಗೆಂದು ಮಹಾಧಾರಕವು ನಿರುಪಯೋಗಿಯೆಂದು ಯಾರೂ ತಿಳಿಯಲಾಗದು. ಶಾಂಘಾಯಿ ನಗರದಲ್ಲಿ 2006ರಲ್ಲಿ ಇದರಿಂದಲೇ ಬಸ್ಸುಗಳನ್ನು ಓಡಿಸಿದರು. ಜನರು ಹತ್ತಿ ಇಳಿಯುವ ಅವಧಿಯಲ್ಲಿ ಬಸ್ಸು ನಿಲ್ದಾಣದ ತಂತಿಯಿಂದ ವಿದ್ಯುತ್ತನ್ನು ತುಂಬಿಕೊಂಡು ಮುಂದೆ ಸಾಗುವದು. ಚಿಕ್ಕ ಹೊಟ್ಟೆಯವನಿಗೆ ಹೆಜ್ಜೆಹೆಜ್ಜೆಗೂ ಊಟವನ್ನಿಟ್ಟಂತೆ! ಗಾಳಿಯಂತ್ರಗಳಲ್ಲಿ ಮುಖ್ಯ ವಿದ್ಯುತ್ತು ಕಡಿದಾಗ ರೆಕ್ಕೆಗಳನ್ನು ಗಾಳಿಯಿಂದ ಹೊರಳಿಸಿ ಯಂತ್ರವನ್ನು ಕಾಪಾಡುವದಕ್ಕೂ ಇದನ್ನಿಡುವರು. ಅಲ್ಲಿ ಬೇಕಾದುದು ಕೆಲವೇ ಕ್ಷಣಗಳ ಬಲವು, ಆದರೆ ಅದು ತಪ್ಪದೆ ಒದಗಬೇಕು.

ಎರಡನ್ನೂ ಕೂಡಿಸುವ ಯತ್ನವು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ನಡೆದಿರುವದು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಎ. ಕೆ. ಶುಕ್ಲಾ ಅವರೂ ಅವರ ಸಹಕಾರಿಗಳೂ ರಚಿಸಿದ ಮಿಶ್ರಧಾರಕದಲ್ಲಿ ಒಂದು ಫಲಕವು ಬ್ಯಾಟರಿಯಲ್ಲಿರುವಂತೆ ಸೀಸದ ಡೈಆಕ್ಸೈಡಿನದು, ಇನ್ನೊಂದು ಇದ್ದಿಲಿನದು.